ಸೋಮವಾರದ ಅಕ್ಷರ ಶನಿವಾರಕ್ಕೂ ಬೇಕು

ಸರ್ಕಾರಿ ಕನ್ನಡ ಶಾಲೆಯ ನಲಿ-ಕಲಿ ತರಗತಿಯಲ್ಲಿ ಮಗು ಮೊದಲು ತಿದ್ದುವ ಅಕ್ಷರ ‘ಅ’ ಅಲ್ಲ, ‘ರ’. ಅದರ ಬೆನ್ನಿಗೆ ಗ, ಸ, ದ ಬರುತ್ತವೆ, ಆಮೇಲೆ ಅ. ವರ್ಣಮಾಲೆಯ ಕ್ರಮದಲ್ಲೇ ಅಕ್ಷರ ತಿದ್ದಿ ಬೆಳೆದ ಹಿರಿಯರಿಗೆ ಇದು ಈಗಲೂ ವಿಚಿತ್ರವಾಗಿ ಕಾಣುತ್ತದೆ. ಆದರೆ ಲೆಕ್ಕ ಸರಳವಾಗಿದೆ. ಅ, ಆ, ಇ, ಈ, ಉ ಕಲಿತ ಮಗುವಿಗೆ ‘ಆ’, ‘ಈ’ ಬಿಟ್ಟರೆ ಓದಲು ಏನೂ ಸಿಗುವುದಿಲ್ಲ. ರ, ಗ, ಸ, ದ, ಅ ಕಲಿತ ಮಗು ಗುಣಿತದ ಗೊಡವೆಯೇ ಇಲ್ಲದೆ ಸರ, ರಸ, ದರ, ಅಗಸ, ಅರಸ, ಗರಗಸ ಎಂದು ಓದುತ್ತದೆ. ಈ ಕ್ರಮದ ಬಗ್ಗೆ ಕಳೆದ ಮೂರು ದಶಕಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಚರ್ಚೆಯಾಗದೆ ಉಳಿದದ್ದು ಸಮಯದ ಸಂಗತಿ. ಒಂದು ಅಕ್ಷರ ಮಗುವಿನ ಕಣ್ಣಿಗೆ, ಕಿವಿಗೆ, ಕೈಗೆ ಎಷ್ಟು ಸಲ ಬಂದರೆ ಅದು ಮಗುವಿನದಾಗುತ್ತದೆ? ಆ ಭೇಟಿಗಳ ನಡುವೆ ಎಷ್ಟು ಅಂತರ ಇರಬೇಕು? ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಪ್ರಾಥಮಿಕ ತರಗತಿಯ ಯೋಜನೆಯ ಅಳತೆಗೋಲು ಪೀರಿಯಡ್ಡೂ ಅಲ್ಲ, ಪಾಠವೂ ಅಲ್ಲ, ವಾರ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಚಟುವಟಿಕೆಗಳು ಎಷ್ಟೇ ಚೆಂದವಿದ್ದರೂ ಸೋಮವಾರ ಕಲಿತದ್ದು ಬುಧವಾರ, ಶುಕ್ರವಾರ, ಶನಿವಾರ ಬೇರೆ ಬೇರೆ ವೇಷದಲ್ಲಿ ಮರಳಿ ಬರದಿದ್ದರೆ ಅವು ಹೊತ್ತು ಕಳೆಯುವ ದಾರಿಯಾಗುತ್ತವೆ, ಅಷ್ಟೇ.

ನಲಿ-ಕಲಿಯನ್ನು ರೂಪಿಸಿದವರಿಗೆ ಇದು ತಿಳಿದಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ, ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಕೊಂಡು ಬಂದು ಈ ಪ್ರಯೋಗ ಆರಂಭಿಸಿದರು. ಕಾಡಂಚಿನ ಹಾಡಿಗಳಿಂದ ಬರುವ ಮಕ್ಕಳು, ಒಬ್ಬರೇ ಮೇಷ್ಟ್ರು, ಎರಡು ಮೂರು ತರಗತಿಗಳು ಒಂದೇ ಕೋಣೆಯಲ್ಲಿ. ಅಂಥ ಕಡೆ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪುಟ ಓದಲಿ ಎಂದು ಬಯಸುವುದೇ ವ್ಯರ್ಥ. ಹಾಗಾಗಿ ಪಠ್ಯಪುಸ್ತಕವನ್ನು ಬಿಡಿಸಿ ಕಾರ್ಡುಗಳನ್ನಾಗಿ ಮಾಡಿದರು. ಕಾರ್ಡುಗಳನ್ನು ಮೆಟ್ಟಿಲುಗಳಾಗಿ, ಮೆಟ್ಟಿಲುಗಳನ್ನು ಮೈಲಿಗಲ್ಲುಗಳಾಗಿ ಜೋಡಿಸಿದರು. ಶಿಕ್ಷಕರ ಪೂರ್ಣ ನೆರವು ಬೇಕಾದವರಿಂದ ಹಿಡಿದು ಸ್ವಕಲಿಕೆಗೆ ತಯಾರಾದವರವರೆಗೆ ಐದು ಗುಂಪು ಮಾಡಿ ನೆಲದ ಮೇಲೆ ಕೂರಿಸಿದರು. ಮೂರು ದಿನ ಬಾರದ ಮಗು ನಾಲ್ಕನೇ ದಿನ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುವಂತಾಯಿತು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಮರುವರ್ಷ ಮೂರನೇ ತರಗತಿಗೆ ಇದು ವಿಸ್ತರಿಸಿತು. ಒಂದು ತಾಲ್ಲೂಕಿನ ಶಿಕ್ಷಕರು ತಾವೇ ಕೂತು ಬರೆದ ಕಾರ್ಡುಗಳು ರಾಜ್ಯದ ವ್ಯವಸ್ಥೆಯಾದದ್ದು ನಮ್ಮ ಶಿಕ್ಷಣ ಇತಿಹಾಸದಲ್ಲಿ ಹೆಮ್ಮೆಪಡಬೇಕಾದ ಸಂಗತಿ. ಆದರೆ ಹೀಗೆ ಹರಡುವಾಗ ಕಾರ್ಡು, ಗುಂಪು ತಟ್ಟೆ, ಮಕ್ಕಳ ಕೆಲಸ ನೇತುಹಾಕುವ ಕಲಿಕಾ ಚಪ್ಪರಗಳು ಶಾಲೆ ತಲುಪಿದಷ್ಟು ಸಲೀಸಾಗಿ ಅವುಗಳ ಹಿಂದಿನ ಕಾಲದ ಲೆಕ್ಕ ತಲುಪಲಿಲ್ಲ.

ಕನ್ನಡ ಲಿಪಿಗೆ ಈ ಲೆಕ್ಕ ಇನ್ನೂ ಹೆಚ್ಚು ಮುಖ್ಯ. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ ಎನ್ನುತ್ತೇವೆ. ಆದರೆ ಮಗು ಕಣ್ಣಿನಿಂದ ಗುರುತು ಹಿಡಿಯಬೇಕಾದ ರೂಪಗಳು 49 ಅಲ್ಲ. 34 ವ್ಯಂಜನಗಳಿಗೆ ಗುಣಿತದ ಚಿಹ್ನೆಗಳು ಸೇರಿದರೆ ರೂಪಗಳ ಸಂಖ್ಯೆ ನಾನೂರು ದಾಟುತ್ತದೆ. ಒತ್ತಕ್ಷರಗಳು ಬಂದರೆ ಎಣಿಕೆ ಮತ್ತೂ ಬೆಳೆಯುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ನಡೆಸಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಕನ್ನಡದ ಅಕ್ಷರಜ್ಞಾನ ನಿಧಾನವಾಗಿ ಕೂಡಿಕೊಳ್ಳುತ್ತದೆ, ಒಂದನೇ ತರಗತಿಯಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಇದು ಮಗುವಿನ ದಡ್ಡತನವೂ ಅಲ್ಲ, ಶಿಕ್ಷಕರ ಸೋಮಾರಿತನವೂ ಅಲ್ಲ, ಲಿಪಿಯ ಸ್ವಭಾವ. ಹೀಗಿರುವಾಗ ಜೂನ್‌ನಲ್ಲಿ ಒಮ್ಮೆ ಹೇಳಿಕೊಟ್ಟ ಅಕ್ಷರ ಡಿಸೆಂಬರಿನ ಪರೀಕ್ಷೆಯಲ್ಲಿ ತಾನಾಗಿ ನೆನಪಾಗಲಿ ಎಂದು ನಿರೀಕ್ಷಿಸುವುದು ಮಗುವಿಗೆ ಮಾಡುವ ಅನ್ಯಾಯ.

ಅಂತರ ಬಿಟ್ಟು ಮರಳಿ ಬರುವ ಕಲಿಕೆಯೇ ಉಳಿಯುತ್ತದೆ ಎಂಬುದು ಹೊಸ ಮಾತಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಮರೆವಿನ ವೇಗವನ್ನು ಅಳೆದು, ಅಭ್ಯಾಸವನ್ನು ದಿನಗಳ ಮೇಲೆ ಹಂಚಿದರೆ ಕಡಿಮೆ ಶ್ರಮ ಸಾಕು ಎಂದು ತೋರಿಸಿದ. ಅದು ಒಬ್ಬ ವಯಸ್ಕ ತನ್ನ ಮೇಲೆ ತಾನೇ ಮಾಡಿಕೊಂಡ ಪ್ರಯೋಗ, ಆರು ವರ್ಷದ ಮಗುವಿಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಬಹುದು. 2005ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನ ಇದಕ್ಕೆ ನೇರ ಉತ್ತರ ಕೊಡುತ್ತದೆ. ಐದಾರು ವರ್ಷದ ಮಕ್ಕಳಿಗೆ ಅಕ್ಷರ ಮತ್ತು ಧ್ವನಿಯ ಪಾಠವನ್ನು ಒಂದು ತಂಡಕ್ಕೆ ದಿನಕ್ಕೊಮ್ಮೆ ಆರು ನಿಮಿಷ, ಇನ್ನೊಂದು ತಂಡಕ್ಕೆ ದಿನಕ್ಕೆ ಮೂರು ಸಲ ಎರಡೆರಡು ನಿಮಿಷ ನಡೆಸಿದರು. ಒಟ್ಟು ಸಮಯ ಒಂದೇ. ಎರಡು ವಾರದ ಕೊನೆಗೆ ಹಂಚಿಕೊಂಡು ಕಲಿತ ಮಕ್ಕಳ ಪ್ರಗತಿ ಹಲವು ಪಟ್ಟು ಹೆಚ್ಚಿತ್ತು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೊಂದು ಮಗ್ಗುಲನ್ನು ಬಿಚ್ಚಿಟ್ಟಿತು: ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ತರಗತಿ ಮುಗಿಯುವಾಗ ಎಲ್ಲ ಮಕ್ಕಳೂ ಒಟ್ಟಾಗಿ ಕೂಗಿ ಹೇಳಿದ ಉತ್ತರ ಕೇಳಿ ನಮಗೆ ಆಗುವ ಸಮಾಧಾನ ಆ ಐದು ನಿಮಿಷದ ಪರೀಕ್ಷೆಯದು. ಮಗುವಿಗೆ ಬೇಕಾದದ್ದು ವಾರದ ಪರೀಕ್ಷೆ. ಬಿರುಸಾಗಿ ಒಂದೇ ದಿನ ಸುರಿದ ಮಳೆ ಹಳ್ಳ ಸೇರುತ್ತದೆ, ರಾಗಿ ಹೊಲಕ್ಕೆ ಬೇಕಾದದ್ದು ಬಿಟ್ಟು ಬಿಟ್ಟು ಬರುವ ಹದ ಮಳೆ ಎಂಬುದು ಗೊತ್ತಿರುವ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಂದು ವಾರ ಹೇಗಿರಬೇಕು? ರ, ಗ, ಸ ಈಗಾಗಲೇ ಬಂದಿರುವ ಒಂದನೇ ತರಗತಿಯ ಗುಂಪನ್ನು ತೆಗೆದುಕೊಳ್ಳೋಣ. ಸೋಮವಾರದ ಹೊಸ ಅಕ್ಷರ ದ. ಮೊದಲು ಬರಬೇಕಾದದ್ದು ಧ್ವನಿ, ಆಕಾರ ಆಮೇಲೆ. ದನ, ದಾರ, ದೋಸೆ, ದಸರಾ ಎಂದು ಮಕ್ಕಳೇ ಹೇಳಬೇಕು. ಹೇಳುವಾಗ ಯಾವುದರಲ್ಲಿ ಸರಿಯಾಗಿ ‘ದ’ ಕೇಳಿಸುತ್ತದೆ, ಯಾವುದರಲ್ಲಿ ‘ದಾ’, ‘ದೋ’ ಎಂದು ಎಳೆಯುತ್ತದೆ ಎಂದು ಕಿವಿಗೊಡಬೇಕು. ಆಮೇಲೆ ಅಂಗಳದ ಮರಳಿನಲ್ಲಿ ಬೆರಳಿನಿಂದ, ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪುಹಲಗೆಯಲ್ಲಿ ಸೀಮೆಸುಣ್ಣದಿಂದ, ಕೊನೆಗೆ ಸ್ಲೇಟಿನ ಮೇಲೆ. ಅಂದು ಅಷ್ಟು ಸಾಕು. ಮಂಗಳವಾರ ಹೊಸತೇನೂ ಬೇಡ. ರಟ್ಟಿನ ತುಂಡುಗಳಲ್ಲಿ ಬರೆದ ರ, ಗ, ಸ, ದ ಗಳನ್ನು ಮಗುವಿನ ಮುಂದೆ ಹರಡಿ, ‘ದರ’ ಮಾಡು ಎಂದರೆ ಎರಡು ತುಂಡುಗಳನ್ನು ಅದು ಎಳೆದುಕೊಳ್ಳುತ್ತದೆ. ತಿರುಗಿಸಿ ಇಟ್ಟರೆ ‘ರದ’. ತಾನು ಕೇಳಿರದ ಆ ಪದವನ್ನೂ ಮಗು ಓದಿಬಿಟ್ಟರೆ ಅದು ಬಾಯಿಪಾಠವಲ್ಲ, ನಿಜವಾಗಿ ಓದುತ್ತಿದೆ ಎಂದು ಗೊತ್ತಾಗುತ್ತದೆ. ಬುಧವಾರ ಅ ಬರುತ್ತದೆ, ಅದರ ಜೊತೆಗೆ ಅಗಸ, ಅರಸ ಬರುತ್ತಾರೆ. ‘ಅರಸ’ದ ನಡುವಿನ ‘ರ’ ತೆಗೆದು ‘ಗ’ ಇಟ್ಟರೆ ಅರಸ ಅಗಸನಾಗುತ್ತಾನೆ. ಆರು ವರ್ಷದ ಮಗುವಿಗೆ ಒಂದು ಅಕ್ಷರದ ಶಕ್ತಿಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಹುಡುಕುವುದು ಕಷ್ಟ. ಗುರುವಾರ ಕಥೆಯ ದಿನ; ಬುಧವಾರದ ಅರಸ ಮತ್ತು ಅಗಸ ಅಲ್ಲಿ ಕಾಣಿಸಿಕೊಂಡರೆ ಸಾಕು. ಶುಕ್ರವಾರ ಎರಡನೇ ತರಗತಿಯ ಮಗು ಪಕ್ಕದಲ್ಲಿ ಕೂತು ಪದ ಹೇಳುತ್ತದೆ, ಒಂದನೇ ತರಗತಿಯ ಮಗು ನೋಡದೆ ಬರೆಯುತ್ತದೆ. ಶನಿವಾರದ ಬೆಳಗಿನ ತರಗತಿಯಲ್ಲಿ ಶಿಕ್ಷಕರು ಹೊಸದಾಗಿ ಕಲಿಸುವುದೇನೂ ಇಲ್ಲ. ಒಂದೊಂದು ಮಗುವನ್ನು ಕರೆದು ಎರಡೆರಡು ನಿಮಿಷ ‘ಗರಗಸ’ ಓದಿಸುತ್ತಾರೆ. ಯಾರು ಗ ಮತ್ತು ಸ ನಡುವೆ ತಡವರಿಸಿದರು ಎಂದು ಬರೆದಿಟ್ಟುಕೊಳ್ಳುತ್ತಾರೆ. ಮುಂದಿನ ಸೋಮವಾರದ ಗುಂಪುಗಳು ಆ ಬರಹದಿಂದ ಹುಟ್ಟುತ್ತವೆ.

ಲೆಕ್ಕಕ್ಕೂ ವಾರ ಒಗ್ಗುತ್ತದೆ, ಅದಕ್ಕೆ ಬೇಕಾದ ಸಾಮಗ್ರಿ ಶಾಲೆಯ ಅಡುಗೆಮನೆಯಲ್ಲೇ ಇದೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂದು ಮುಖ್ಯಶಿಕ್ಷಕರು ಹೇಗೂ ಎಣಿಸಲೇಬೇಕು. ಆ ಎಣಿಕೆಯನ್ನು ಎರಡು, ಮೂರನೇ ತರಗತಿಯ ಮಕ್ಕಳಿಗೆ ಬಿಟ್ಟುಕೊಟ್ಟರೆ? ಸೋಮವಾರ ಹುಣಸೆ ಬೀಜ ಇಟ್ಟು ಎಣಿಸುತ್ತಾರೆ. ಎರಡನೇ ದಿನ ಹತ್ತು ಕಡ್ಡಿಗೊಂದು ಕಟ್ಟು ಕಟ್ಟಿ, ಮೊಟ್ಟೆಗೆ ಎರಡು ಕಟ್ಟು ಮೂರು ಬಿಡಿ, ಹಣ್ಣಿಗೆ ಒಂದು ಕಟ್ಟು ನಾಲ್ಕು ಬಿಡಿ ಎಂದು ಗೋಡೆಯ ಹಲಗೆಯಲ್ಲಿ ಬರೆಯುತ್ತಾರೆ. ಒಟ್ಟು ಎಷ್ಟು ಜನ ಬಂದಿದ್ದಾರೆ, ನಿನ್ನೆಗಿಂತ ಎಷ್ಟು ಕಡಿಮೆ, ಯಾಕೆ ಕಡಿಮೆ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತವೆ. ‘ಸಂತೆ ಇತ್ತು’ ಎಂದು ಯಾರೋ ಉತ್ತರಿಸುತ್ತಾರೆ. ವಾರದ ಕೊನೆಗೆ ಹಲಗೆಯ ಮೇಲೆ ದಿನದಿನದ ಸಂಖ್ಯೆಗಳು ಸಾಲಾಗಿ ನಿಂತಿರುತ್ತವೆ; ಸ್ಥಾನಬೆಲೆ, ಸಂಕಲನ, ವ್ಯವಕಲನ ಎಲ್ಲವೂ ಅಲ್ಲಿವೆ. ಗೋಡೆಯ ಹವಾಮಾನ ನಕ್ಷೆಯನ್ನೂ ಹೀಗೇ ಬಳಸಬಹುದು. ದಿನಕ್ಕೊಂದು ಸೂರ್ಯನನ್ನೋ ಮೋಡವನ್ನೋ ಅಂಟಿಸಿ ಕೈತೊಳೆದುಕೊಂಡರೆ ಅದು ಅಲಂಕಾರ. ಶನಿವಾರ ಆರು ದಿನದ್ದನ್ನೂ ಒಟ್ಟಿಗೆ ನೋಡಿ ಮಳೆ ಬಂದ ದಿನ ಎಷ್ಟು, ಬಟ್ಟೆ ಒಣಗದ ದಿನ ಯಾವುದು ಎಂದು ಮಾತನಾಡಿದಾಗ ಅದು ಪರಿಸರ ಅಧ್ಯಯನ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು: ಚಟುವಟಿಕೆಯ ಹೆಸರಿನಲ್ಲಿ ಮಕ್ಕಳು ಆಡುತ್ತಾರೆಯೇ ಹೊರತು ಕಲಿಯುವುದಿಲ್ಲ. ಇದು ಬರೀ ಹಳಬರ ಗೊಣಗಾಟವಲ್ಲ. ಶಿಕ್ಷಣ ಸಂಶೋಧಕರಾದ ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಬರೆದ ಹೆಸರಾಂತ ಲೇಖನವೊಂದು, ಮಕ್ಕಳೇ ಕಂಡುಕೊಳ್ಳಲಿ ಎಂದು ಮಾರ್ಗದರ್ಶನವನ್ನು ಕಡಿಮೆ ಮಾಡಿದ ಬೋಧನೆ ಹೊಸದಾಗಿ ಕಲಿಯುವವರಿಗೆ ನೆರವಾಗುವುದಿಲ್ಲ ಎಂದು ಬಲವಾಗಿ ವಾದಿಸಿತು. ಆ ವಾದದಲ್ಲಿ ತಿರುಳಿದೆ. ಬಣ್ಣದ ಕಾಗದ ಕತ್ತರಿಸಿ ಮಾವಿನಹಣ್ಣು ಅಂಟಿಸಿ, ಅದರ ಕೆಳಗೆ ‘ಮಾವು’ ಎಂದು ಶಿಕ್ಷಕರೇ ಬರೆದು ಚಪ್ಪರಕ್ಕೆ ನೇತುಹಾಕಿದರೆ ಕಲಿತದ್ದು ಅಂಟು ಹಚ್ಚುವುದನ್ನು ಮಾತ್ರ. ಆದರೆ ಮೇಲೆ ಹೇಳಿದ ವಾರದಲ್ಲಿ ಮಗುವನ್ನು ಅದರ ಪಾಡಿಗೆ ಬಿಟ್ಟ ಗಳಿಗೆ ಎಲ್ಲಿದೆ? ಸೋಮವಾರ ಶಿಕ್ಷಕರು ಪಕ್ಕದಲ್ಲೇ ಇದ್ದಾರೆ, ಶುಕ್ರವಾರದ ಹೊತ್ತಿಗೆ ಸ್ವಲ್ಪ ದೂರ ಸರಿದಿದ್ದಾರೆ, ಶನಿವಾರ ಮತ್ತೆ ಹತ್ತಿರ ಬಂದು ನೋಡುತ್ತಿದ್ದಾರೆ. ನಲಿ-ಕಲಿಯ ಐದು ಗುಂಪುಗಳ ತಿರುಳೂ ಇದೇ: ನೆರವನ್ನು ಒಮ್ಮೆಗೇ ಹಿಂತೆಗೆಯದೆ ಹಂತ ಹಂತವಾಗಿ ಕಡಿಮೆ ಮಾಡುವುದು. ಪೂರ್ಣ ನೆರವಿನ ಗುಂಪಿನಲ್ಲಿರುವ ಮಗುವಿಗೆ ಶಿಕ್ಷಕರು ಸಿಗದಿದ್ದರೆ ಅದು ವಿಧಾನ ಕೆಟ್ಟ ಕಾರಣಕ್ಕಲ್ಲ, ಆ ಹೊತ್ತಿಗೆ ಶಿಕ್ಷಕರನ್ನು ಬೇರೆಲ್ಲೋ ಎಳೆದುಕೊಂಡ ಕಾರಣಕ್ಕೆ.

ಎರಡನೆಯದು, ಇಷ್ಟು ನಿಧಾನವಾದರೆ ಪಠ್ಯ ಮುಗಿಯುವುದು ಯಾವಾಗ ಎಂಬ ಆತಂಕ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಮತ್ತು 800 ಗಂಟೆಗಳ ಬೋಧನೆ ಇರಬೇಕು ಎನ್ನುತ್ತದೆ. ಆರು ದಿನದ ವಾರವೆಂದರೆ ಇದು ಸುಮಾರು 33 ವಾರ. ಒಂದನೇ ತರಗತಿಯಲ್ಲಿ ಎನ್‌ಸಿಇಆರ್‌ಟಿ ರೂಪಿಸಿದ 12 ವಾರಗಳ ವಿದ್ಯಾಪ್ರವೇಶ ಎಂಬ ಶಾಲಾ ಸಿದ್ಧತಾ ಕಾರ್ಯಕ್ರಮವನ್ನು ಕಳೆದರೆ ಉಳಿಯುವುದು 21. ಕಡಿಮೆ ಅನ್ನಿಸುತ್ತದೆ, ನಿಜ. ಆದರೆ ‘ಮುಗಿಸಿದ’ ಪಠ್ಯ ಏನಾಗಿದೆ ಎಂದು ನೋಡಿ. ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ 2022ರಲ್ಲಿ ದೇಶದ ಗ್ರಾಮೀಣ ಭಾಗದ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪಠ್ಯ ಓದಬಲ್ಲವರು ಶೇ 20.5, 2024ರಲ್ಲಿ ಶೇ 27.1. ಚೇತರಿಕೆ ಕಂಡಿರುವುದು ಸಂತೋಷವೇ. ಆದರೂ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಆ ಪಠ್ಯ ಓದಲಾರದೆ ಮುಂದಿನ ತರಗತಿಗೆ ಹೋದರು. ಅವರ ಶಾಲೆಗಳಲ್ಲೂ ದಾಖಲೆಯ ಪ್ರಕಾರ ಪಠ್ಯ ಮುಗಿದಿರುತ್ತದೆ. ಓದಲು ಬಾರದ ಮಗುವಿಗೆ ನಾಲ್ಕನೇ ತರಗತಿಯ ಪರಿಸರ ಅಧ್ಯಯನ, ಗಣಿತದ ಹೇಳಿಕೆ ಸಮಸ್ಯೆ, ಮುಂದಿನ ತರಗತಿಗಳ ಸಮಾಜ ವಿಜ್ಞಾನ ಎಲ್ಲವೂ ಮುಚ್ಚಿದ ಬಾಗಿಲು. 21 ವಾರ ನಿಧಾನಿಸಿದ್ದರಿಂದ ಆಗುವ ನಷ್ಟವನ್ನು ಆಮೇಲಿನ ಏಳೆಂಟು ವರ್ಷಗಳ ನಷ್ಟದ ಎದುರು ಇಟ್ಟು ತೂಗಬೇಕು.

ಹರಿಯಾಣದಿಂದ ಬಂದ ಒಂದು ಪುರಾವೆ ಇಲ್ಲಿ ಬಹಳ ಉಪಯುಕ್ತ. 2012-13ರಲ್ಲಿ ಅಲ್ಲಿನ ಸುಮಾರು 400 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಎರಡು ಕಾರ್ಯಕ್ರಮಗಳನ್ನು ಹೋಲಿಸಿ ನೋಡಿದರು. ಒಂದು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ; ಶಿಕ್ಷಕರಿಗೆ ತರಬೇತಿ, ನಮೂನೆಗಳು, ದಾಖಲೆಗಳು. ಇನ್ನೊಂದು, ದಿನಕ್ಕೊಂದು ಗಂಟೆಯನ್ನು ಕಟ್ಟುನಿಟ್ಟಾಗಿ ಮೀಸಲಿಟ್ಟು, ತರಗತಿ ಲೆಕ್ಕಿಸದೆ ಓದಿನ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಗುಂಪು ಮಾಡಿ ಕಲಿಸುವುದು. ಮೌಲ್ಯಮಾಪನ ಕಾರ್ಯಕ್ರಮದಿಂದ ಮಕ್ಕಳ ಕಲಿಕೆಯಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಮೀಸಲು ಗಂಟೆಯ ಕಾರ್ಯಕ್ರಮ ಹಿಂದಿ ಓದು ಬರಹವನ್ನು ಸುಧಾರಿಸಿತು. ಅದೇ ಸರ್ಕಾರ, ಅದೇ ಬಗೆಯ ಶಾಲೆ, ಅದೇ ಬಗೆಯ ಶಿಕ್ಷಕರು. ಗುಂಪು ಮಾಡಿದ್ದರ ಜೊತೆಗೆ ವ್ಯತ್ಯಾಸ ಇದ್ದದ್ದು ಕಾಲದ ರಕ್ಷಣೆಯಲ್ಲಿ: ಈ ಹೊತ್ತು ಇದಕ್ಕೇ, ಪ್ರತಿದಿನವೂ ಇದಕ್ಕೇ ಎಂಬ ಖಚಿತತೆಯಲ್ಲಿ. ನಮ್ಮಲ್ಲೂ ಮೌಲ್ಯಮಾಪನದ ದಾಖಲೆಗಳಿಗೆ ಕೊರತೆಯಿಲ್ಲ. ಆ ದಾಖಲೆ ನೋಡಿ ಮಾರನೆಯ ಸೋಮವಾರ ಏನನ್ನಾದರೂ ಬದಲಿಸಲು ಶಿಕ್ಷಕರಿಗೆ ಬಿಡುವು ಇದೆಯೇ ಎಂಬುದು ಪ್ರಶ್ನೆ.

ಪೋಷಕರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪಕ್ಕದ ಖಾಸಗಿ ಶಾಲೆಯ ಮಗುವಿನ ನೋಟ್‌ಬುಕ್ ತುಂಬಿದೆ, ನಮ್ಮ ಮಗುವಿನದು ಖಾಲಿ. ಕಾರ್ಡು ಹಿಡಿದು ಆಡಿದರೆ ವಿದ್ಯೆ ಬರುತ್ತದೆಯೇ ಎಂದು ಅವರು ಕೇಳುತ್ತಾರೆ. ಕೂಲಿ ಕೆಲಸಕ್ಕೆ ಹೋಗುವ ತಾಯಿಗೆ ಮಗು ಕಲಿಯುತ್ತಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತು ಬೇಕು, ಅದನ್ನು ಕೇಳುವ ಹಕ್ಕು ಅವರಿಗಿದೆ. ವಾರದ ಲೆಕ್ಕ ಇಲ್ಲೂ ನೆರವಿಗೆ ಬರುತ್ತದೆ. ಶನಿವಾರ ಮಗು ಮನೆಗೆ ಹೊರಡುವಾಗ ಆ ವಾರದ ಆರೇಳು ಪದ ಇರುವ ಒಂದು ಚೀಟಿ ಒಯ್ದು, ಅದನ್ನು ಅಮ್ಮನ ಮುಂದೆ, ಓದು ಬಾರದ ಅಜ್ಜಿಯ ಮುಂದೆ ಗಟ್ಟಿಯಾಗಿ ಓದಲಿ. ನೋಡಿ ನಕಲು ಮಾಡಿದ ಇಪ್ಪತ್ತು ಪುಟ ಹೇಳದ್ದನ್ನು ಆ ಎರಡು ನಿಮಿಷದ ಓದು ಹೇಳುತ್ತದೆ. ಸಂತೆ, ಜಾತ್ರೆ, ಸುಗ್ಗಿ ಎಂದು ನಡುನಡುವೆ ಶಾಲೆ ತಪ್ಪಿಸುವ ಮಕ್ಕಳಿಗಂತೂ ವಾರದ ಯೋಜನೆಯೇ ಆಸರೆ. ಪಾಠದ ಲೆಕ್ಕದಲ್ಲಿ ಮಂಗಳವಾರ ತಪ್ಪಿಸಿದ ಮಗು ಆ ಪಾಠವನ್ನೇ ಕಳೆದುಕೊಂಡಂತೆ. ವಾರದ ಲೆಕ್ಕದಲ್ಲಿ ಅದೇ ಸಂಗತಿ ಗುರುವಾರವೂ ಶುಕ್ರವಾರವೂ ಅದಕ್ಕಾಗಿ ಕಾದಿರುತ್ತದೆ.

ಉಳಿದದ್ದು ಶಿಕ್ಷಕರ ಮಾತು, ಅದೇ ಎಲ್ಲಕ್ಕಿಂತ ಭಾರವಾದದ್ದು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು, ಕನ್ನಡ, ಗಣಿತ, ಪರಿಸರ ಅಧ್ಯಯನ, ಇಂಗ್ಲಿಷ್, ಒಬ್ಬರೇ ಶಿಕ್ಷಕರು. ಬಿಸಿಯೂಟ ಮತ್ತು ಹಾಲಿನ ಲೆಕ್ಕ, ಮಕ್ಕಳ ಮಾಹಿತಿ ದಾಖಲಿಸುವ ಎಸ್‌ಎಟಿಎಸ್ ನಮೂದು, ಮತದಾರರ ಪಟ್ಟಿಯ ಕೆಲಸ, ತುರ್ತು ಮಾಹಿತಿ ಕೇಳುವ ವಾಟ್ಸ್‌ಆ್ಯಪ್ ಸಂದೇಶಗಳು. ಇವುಗಳ ನಡುವೆ ವಾರದ ಯೋಜನೆ ಯಾವಾಗ ಮಾಡಲಿ ಎಂದು ಕೇಳುವ ಶಿಕ್ಷಕರು ನೆಪ ಹೇಳುತ್ತಿಲ್ಲ. ಕಾಯ್ದೆಯೇ ಅವರ ಪರವಾಗಿದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸ ನಿಗದಿಪಡಿಸುವಾಗ ‘ಸಿದ್ಧತೆಯ ಗಂಟೆಗಳೂ ಸೇರಿ’ ಎಂದು ಸ್ಪಷ್ಟವಾಗಿ ಹೇಳಿದೆ. ಅಂದರೆ ಕಾನೂನು ಶಿಕ್ಷಕರ ಕೆಲಸವನ್ನು ವಾರದಲ್ಲಿ ಅಳೆದಿದೆ, ಸಿದ್ಧತೆಯನ್ನು ಕೆಲಸವೆಂದೇ ಎಣಿಸಿದೆ. 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಹೊರತು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಇವೆರಡನ್ನೂ ಅಕ್ಷರಶಃ ಪಾಲಿಸಿದರೆ ಶನಿವಾರ ಮಕ್ಕಳು ಮನೆಗೆ ಹೋದ ಮೇಲಿನ ಎರಡು ಗಂಟೆ ಶಿಕ್ಷಕರದೇ ಆಗುತ್ತದೆ. ಮೂವತ್ತು ಮಕ್ಕಳ ಟಿಪ್ಪಣಿ ನೋಡಿ ಸೋಮವಾರದ ಗುಂಪು ಬದಲಿಸಲು, ಹರಿದ ಕಾರ್ಡಿಗೆ ಬದಲಾಗಿ ಹೊಸದನ್ನು ಬರೆದುಕೊಳ್ಳಲು ಅಷ್ಟು ಹೊತ್ತು ಸಾಲುತ್ತದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವ ಬದಲು ಅಕ್ಕಪಕ್ಕದ ಊರಿನ ಶಿಕ್ಷಕರು ತಮ್ಮ ತಮ್ಮ ವಾರಗಳನ್ನು ಎದುರುಬದುರು ಇಟ್ಟು ಮಾತನಾಡಿದರೆ, ಹೆಗ್ಗಡದೇವನಕೋಟೆಯಲ್ಲಿ ಆಗಿದ್ದೇ ಮತ್ತೆ ಬೇರೆ ಕಡೆ ಆಗಲು ಸಾಧ್ಯ. ಅಲ್ಲಿನ ಕಾರ್ಡುಗಳನ್ನು ಬರೆದವರು ಇಂಥ ಶಿಕ್ಷಕರೇ, ವಿಧಾನಸೌಧದಲ್ಲಿ ಕೂತವರಲ್ಲ.

ಇದಕ್ಕೆ ಹೊಸ ಯೋಜನೆಯಾಗಲಿ ಹೊಸ ಹೆಸರಾಗಲಿ ಬೇಕಿಲ್ಲ. ಶಾಲೆಗೆ ಭೇಟಿ ಕೊಡುವ ಅಧಿಕಾರಿ ಕೇಳುವ ಪ್ರಶ್ನೆ ಬದಲಾದರೆ ಬಹಳಷ್ಟು ಬದಲಾಗುತ್ತದೆ. ‘ಎಷ್ಟು ಪಾಠ ಆಯಿತು?’ ಎಂದು ಕೇಳಿದರೆ ಶಿಕ್ಷಕರು ಪಾಠ ಓಡಿಸುತ್ತಾರೆ. ‘ಕಳೆದ ವಾರ ಯಾವ ಮಕ್ಕಳು ಎಲ್ಲಿ ತಡವರಿಸಿದರು, ಈ ವಾರ ಅವರಿಗಾಗಿ ಏನು ಬದಲಿಸಿದಿರಿ?’ ಎಂದು ಕೇಳಿದರೆ, ಶಿಕ್ಷಕರು ತಮ್ಮ ಟಿಪ್ಪಣಿ ತೆಗೆದು ಮಕ್ಕಳ ಹೆಸರು ಹಿಡಿದು ಉತ್ತರ ಕೊಡಬೇಕಾಗುತ್ತದೆ. ಹಾಗೆ ಕೇಳಿದ ಅಧಿಕಾರಿಯೂ ಒಂದಿಬ್ಬರು ಮಕ್ಕಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವರು ಓದುವುದನ್ನು ಕೇಳದೆ ಹೊರಡುವಂತಿಲ್ಲ.